ಮಾದಪ್ಪನ ಗುಡ್ಡರು ಮತ್ತು ನಮ್ಮ ಹಾಡು

(ಕೊಳ್ಳೇಗಾಲದಲ್ಲಿ ಗಿರಣಿ ಕೆಲಸಗಾರರು ಮತ್ತು ಸಣ್ಣ ವ್ಯಾಪಾರಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿಯ ಮಾತು, ಬೋನಸ್ಸಿನ ಮಾತು, ಸಂತೆ ಸುಂಕದ ಮಾತು ಎಲ್ಲವೂ ಈಗಾಗಲೆ ಆಗಿದೆ. ನಮ್ಮ ಪಾಲಿಗೆ ಉಳಿದಿರುವುದು ಹಾಡಿನ ಮಾತು. ಪಕ್ಷದ ವೇದಿಕೆಯಲ್ಲಿ ಹಾಡಿನ ಮಾತೇಕೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದ್ದು ಕಿವಿಗೆ ಬಿತ್ತು. ಕೇಳಬೇಕಾದ ಪ್ರಶ್ನೆಯೇ. ಹೊಟ್ಟೆ ತುಂಬಿದ ಮೇಲೆ ತಾನೆ ತಾಳ ಮೇಳ ಎಂಬುದು ನಮ್ಮಲ್ಲಿ ಅನೇಕರ ಎಣಿಕೆ. ಆದರೆ ನಾವು ಈ ಸಂಜೆ ಹೇಳಹೊರಟಿರುವ ಜನ ಹೊಟ್ಟೆ ತುಂಬಿದ ಮೇಲೆ ಹಾಡಿದವರಲ್ಲ. ಹೆಗಲಿಗೆ ಜೋಳಿಗೆ ಹಾಕಿಕೊಂಡು, ಮನೆ ಮನೆಯ ಮುಂದೆ ನಿಂತು ಹಾಡಿ, ಅದರಲ್ಲಿ ಬಿದ್ದ ಹಿಡಿ ರಾಗಿಯಿಂದ ಹೊಟ್ಟೆ ಹೊರೆದವರು. ಅವರ ಕೈಯಲ್ಲಿದ್ದುದು ಒಂದು ಜೊತೆ ಕಂಚು. ನಾಲಿಗೆಯ ಮೇಲಿದ್ದುದು ರಾತ್ರಿಗಟ್ಟಲೆ ಹಾಡಿದರೂ ಮುಗಿಯದ ಒಂದು ಮಹಾಕಾವ್ಯ. ಕಾಗದದ ಒಂದು ಚೂರನ್ನೂ ಮುಟ್ಟದೆ ಅವರು ಅದನ್ನು ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ದಾಟಿಸಿಕೊಂಡು ಬಂದರು.

ಮಾದಪ್ಪನ ಬೆಟ್ಟಕ್ಕೆ ಹೋಗದವರು ಈ ಸಭೆಯಲ್ಲಿ ಯಾರೂ ಇರಲಾರರು. ಹನೂರು, ಕೌದಳ್ಳಿ ದಾಟಿ ತಾಳಬೆಟ್ಟಕ್ಕೆ ಬಂದರೆ ಸಾಕು, ಬಸ್ಸಿನೊಳಗೇ ‘ಉಘೇ ಮಾದಪ್ಪ’ ಎಂಬ ಕೂಗು ಏಳುತ್ತದೆ. ಯುಗಾದಿ, ಶಿವರಾತ್ರಿ, ಮಹಾಲಯ ಅಮಾವಾಸ್ಯೆ, ದೀಪಾವಳಿ, ಈ ನಾಲ್ಕು ಪರಿಷೆಗಳಿಗೆ ಮಂಡ್ಯ, ಮೈಸೂರು, ಕನಕಪುರ, ರಾಮನಗರಗಳ ಕಡೆಯಿಂದ ಜನ ಬರುತ್ತಾರೆ. ತಮಿಳುನಾಡಿನ ಈರೋಡು, ಸೇಲಂ ಕಡೆಯವರೂ ಬರುತ್ತಾರೆ. ಶಿವರಾತ್ರಿಗೆ ಕನಕಪುರದ ಸೀಮೆಯವರು ಸಂಗಮದ ಹತ್ತಿರ ಕಾವೇರಿಯನ್ನು ದಾಟಿ ಕಾಡಿನೊಳಗೆ ನಡೆದೇ ಬರುವುದುಂಟು. ಈ ಜನಸಾಗರದಲ್ಲಿ ಮೈಮೇಲೆ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಕೈಯಲ್ಲಿ ಬೆತ್ತ ಮತ್ತು ಕಂಸಾಳೆ ಹಿಡಿದವರು ಕಂಡರೆ ಅವರೇ ದೇವರಗುಡ್ಡರು. ಗುಡ್ಡ ಎಂದರೆ ಇಲ್ಲಿ ಬೆಟ್ಟವಲ್ಲ, ಶಿಷ್ಯ. ಮಾದಪ್ಪನ ಒಕ್ಕಲಾಗಿ ದೀಕ್ಷೆ ಪಡೆದವನು.

ಮಕ್ಕಳಾಗದ ಮನೆಯವರು, ಕಾಯಿಲೆ ಕಸಾಲೆಯಿಂದ ನೊಂದವರು ಮಗನೊಬ್ಬನನ್ನು ಮಾದಪ್ಪನಿಗೆ ಬಿಡುತ್ತೇವೆಂದು ಹರಕೆ ಹೊರುತ್ತಿದ್ದರು. ಆ ಹುಡುಗನಿಗೆ ಗುರುಗಳು ರುದ್ರಾಕ್ಷಿ ಕಟ್ಟಿ, ಜೋಳಿಗೆ ಬೆತ್ತ ಕಂಸಾಳೆ ಕೊಟ್ಟರೆ ಅಂದಿನಿಂದ ಅವನು ಗುಡ್ಡ. ಸಂಸಾರ ಬಿಡಬೇಕಾದದ್ದಿಲ್ಲ. ಹೊಲ ಉಳುತ್ತಾನೆ, ಕುರಿ ಕಾಯುತ್ತಾನೆ, ಕೂಲಿಗೆ ಹೋಗುತ್ತಾನೆ. ಗೊತ್ತಾದ ದಿನ ಜೋಳಿಗೆ ಹಿಡಿದು ಭಿಕ್ಷೆಗೆ ಹೊರಡುತ್ತಾನೆ. ಹಾಲುಮತದ ಕುರುಬರಲ್ಲಿ ಗುಡ್ಡರು ಹೆಚ್ಚು. ಬೇರೆ ಬೇರೆ ಜಾತಿಗಳವರೂ ಉಂಟು, ದಲಿತರ ಕೇರಿಗಳಲ್ಲೂ ಉಂಟು. ಬೆಟ್ಟದ ಮೇಲೆ ಪೂಜೆಯ ಹಕ್ಕು ಬೇಡಗಂಪಣರದು, ಗುರುಪೀಠ ಸಾಲೂರು ಮಠದ್ದು. ಕಾಡು ಮೊದಲಿನಿಂದಲೂ ಸೋಲಿಗರದು. ಒಂದು ದೇವರ ಸುತ್ತ ಇಷ್ಟು ಜಾತಿಗಳು ತಮ್ಮ ತಮ್ಮ ಕೆಲಸ ಹಂಚಿಕೊಂಡು ನಿಂತಿವೆ. ಹಂಚಿಕೆ ಸರಿಯಾಗಿದೆಯೆ ಎಂಬ ಮಾತಿಗೆ ಆಮೇಲೆ ಬರೋಣ.

ಈಗ ಆ ಕಂಚಿನ ವಿಷಯ. ಎಡ ಅಂಗೈಯಲ್ಲಿ ಹಿಡಿಯುವುದು ಬಟ್ಟಲಿನಂಥ ತಾಳ. ಬಲಗೈಯಲ್ಲಿ ಹಿಡಿಯುವುದು ಚಪ್ಪಟೆಯಾದ ಬಿಲ್ಲೆ. ಅದರ ನಡುವಿನಿಂದ ಉದ್ದದ ದಾರ, ದಾರದ ತುದಿಗೆ ಗೊಂಡೆ. ಕೂತು ಕಥೆ ಹಾಡುವಾಗ ಇದು ಬರಿಯ ತಾಳ. ಮುಂದಾಳು ಒಂದು ಸೊಲ್ಲು ಎತ್ತುತ್ತಾನೆ, ಹಿಮ್ಮೇಳದ ಇಬ್ಬರು ಮೂವರು ಅದನ್ನು ಹಿಡಿದು ಎಳೆಯುತ್ತಾರೆ. ಜೊತೆಗೆ ದಮ್ಮಡಿ, ಕೆಲವು ಮೇಳಗಳಲ್ಲಿ ಏಕತಾರಿ. ಹಾಡಿನ ನಡುವೆ ಮಾತು, ಮಾತಿನ ನಡುವೆ ಹಾಡು. ಮುಂದಾಳು ಕಥೆ ಹೇಳುತ್ತಿದ್ದರೆ ಹಿಮ್ಮೇಳದವನು ಹೂಂಗುಟ್ಟುತ್ತಾ ಇರಬೇಕು. ಈ ಹೂಂಗುಟ್ಟುವುದನ್ನು ಸುಲಭವೆಂದು ತಿಳಿಯಬೇಡಿ. ಹೊತ್ತು ಮೀರಿ ಹೂಂಗುಟ್ಟಿದರೆ ಮುಂದಾಳಿನ ಉಸಿರು ತಪ್ಪುತ್ತದೆ.

ಎದ್ದು ನಿಂತು ಕುಣಿದಾಗ ಅದೇ ಕಂಸಾಳೆ ಬೀಸು ಕಂಸಾಳೆಯಾಗುತ್ತದೆ. ಆಗ ಬಲಗೈಯ ಬಿಲ್ಲೆ ದಾರದ ಅಳತೆಯಲ್ಲಿ ತಲೆಯ ಮೇಲೆ, ಬೆನ್ನ ಹಿಂದೆ, ಕಾಲ ಸಂದಿಯಲ್ಲಿ ಸುತ್ತಿ ಬಂದು ಎಡಗೈಯ ಬಟ್ಟಲಿಗೆ ತಾಳದ ಗಳಿಗೆಗೆ ಸರಿಯಾಗಿ ಬಡಿಯಬೇಕು. ತನ್ನ ಬಟ್ಟಲಿಗೆ ಮಾತ್ರವಲ್ಲ, ಪಕ್ಕದವನ ಬಟ್ಟಲಿಗೂ ಬಡಿಯಬೇಕು. ಬಾಗಿ, ಮಂಡಿಯೂರಿ, ಮಲಗಿ, ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ಬೀಸುತ್ತಾರೆ. ಒಬ್ಬನ ಗಮನ ಒಂದು ಚಣ ಅತ್ತಿತ್ತ ಹೋಯಿತೆಂದರೆ ಕಂಚು ಪಕ್ಕದವನ ಹಣೆಗೆ ಬೀಳುತ್ತದೆ. ಮಗ್ಗದ ಮುಂದೆ, ನೂಲಿನ ಯಂತ್ರದ ಮುಂದೆ ನಿಂತು ದುಡಿಯುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದವನ ಕೈ ಎಲ್ಲಿದೆ ಎಂದು ನೋಡದೆಯೇ ತಿಳಿದಿರಬೇಕಾದ ಕೆಲಸ ನಿಮ್ಮದೂ ಹೌದು.

ಇನ್ನು ಕಥೆ. ಮಾದೇಶ್ವರರ ಕಾಲವನ್ನು ವಿದ್ವಾಂಸರು ಸುಮಾರು 15ನೆಯ ಶತಮಾನದ ಆಸುಪಾಸಿನಲ್ಲಿ ಇಡುತ್ತಾರೆ. ಗುಡ್ಡರಿಗೆ ಶತಮಾನದ ಲೆಕ್ಕ ಬೇಕಾಗಿಲ್ಲ. ಅವರು ಕಥೆಯನ್ನು ‘ಸಾಲು’ಗಳಾಗಿ ವಿಂಗಡಿಸಿಕೊಂಡಿದ್ದಾರೆ. ಉತ್ತರಾಜಮ್ಮನ ಮಗನಾಗಿ ಹುಟ್ಟಿದ ಸಾಲು, ಶ್ರವಣ ದೊರೆಯ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸಂಕಮ್ಮನ ಸಾಲು, ಜುಂಜೇಗೌಡನ ಸಾಲು, ಸರಗೂರಯ್ಯನ ಸಾಲು, ಹೀಗೆ. ಮಠಕ್ಕೆ ಸೇರಿದ ಬಾಲಕ ಮಾದಪ್ಪನಿಗೆ ರಾಗಿ ಬೀಸುವ ಕೆಲಸ ಹಚ್ಚಿದ ಪ್ರಸಂಗವೂ ಇದರಲ್ಲಿ ಬರುತ್ತದೆ. ದೇವರನ್ನೂ ಬೀಸುವ ಕಲ್ಲಿನ ಮುಂದೆ ಕೂರಿಸದೆ ಬಿಡದ ಕಾವ್ಯ ಇದು. ದಂತದ ತೊಟ್ಟಿಲಲ್ಲಿ ತೂಗಿದವರು ಕಟ್ಟಿದ್ದಲ್ಲ ಎಂಬುದು ಇಷ್ಟರಿಂದಲೇ ತಿಳಿಯುತ್ತದೆ.

ಶ್ರವಣನ ಸಾಲನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಶ್ರವಣನೆಂಬ ದೊರೆ ದೇವಾನುದೇವತೆಗಳನ್ನೆಲ್ಲ ಸೆರೆಹಿಡಿದು ಊಳಿಗಕ್ಕೆ ಇಟ್ಟುಕೊಂಡಿದ್ದಾನೆ. ಅವರಿಂದ ಬಿಟ್ಟಿ ಚಾಕರಿ ಮಾಡಿಸುತ್ತಾನೆ. ಮುಖಾಮುಖಿ ಯುದ್ಧದಲ್ಲಿ ಅವನನ್ನು ಯಾರೂ ಗೆಲ್ಲಲಾರರು. ಆಗ ಮಾದಪ್ಪ ಹೋಗುವುದು ಯಾವ ರಾಜನ ಬಳಿಗೂ ಅಲ್ಲ, ಯಾವ ಋಷಿಯ ಬಳಿಗೂ ಅಲ್ಲ. ಚಮ್ಮಾರ ಹರಳಯ್ಯನ ಬಳಿಗೆ. ಹರಳಯ್ಯನಿಂದ ಪಾದರಕ್ಷೆ ಮಾಡಿಸಿಕೊಂಡು, ಅದರ ಅಂದಕ್ಕೆ ಮರುಳಾದ ದೊರೆ ಅದನ್ನು ಮೆಟ್ಟುವಂತೆ ಮಾಡುತ್ತಾನೆ. ಒಳಗಿನ ಅರಗು ಬಿಸಿಯೇರಿ ಕಾಲಿಗೆ ಅಂಟುತ್ತದೆ, ಬೆಂಕಿ ಏಳುತ್ತದೆ, ದೊರೆ ತನ್ನ ಮೆರವಣಿಗೆಯ ಮೆಟ್ಟಿನಲ್ಲೇ ಸುಟ್ಟುಹೋಗುತ್ತಾನೆ. ದೇವತೆಗಳ ಬಿಟ್ಟಿ ಚಾಕರಿ ಕೊನೆಗೊಳ್ಳುವುದು ಮೆಟ್ಟು ಹೊಲಿಯುವವನ ಕೈಕೆಲಸದಿಂದ. ಸಂಗಾತಿಗಳೆ, ಈ ಕಥೆಯನ್ನು ಜೀತದ ಆಳುಗಳು ಗೌಡರ ಜಗಲಿಯ ಕೆಳಗೆ ಕೂತು ಇಡೀ ರಾತ್ರಿ ಕೇಳುತ್ತಿದ್ದರು. ಜಗಲಿಯ ಮೇಲೆ ಗೌಡರೂ ಕೂತು ಕೇಳುತ್ತಿದ್ದರು. ಮೇಲಿದ್ದವರು ಕೇಳಿದ್ದು ದೇವರ ಮಹಿಮೆ. ಕೆಳಗಿದ್ದವರು ಬೇರೆ ಏನನ್ನಾದರೂ ಕೇಳಿಸಿಕೊಂಡರೆ ಅದನ್ನು ಯಾವ ಪೊಲೀಸೂ ಬರೆದುಕೊಳ್ಳಲಾರ.

ಬೇವಿನಹಟ್ಟಿ ಕಾಳಮ್ಮ ಸಿರಿವಂತೆ, ಬೇಡಿ ಬಂದವನಿಗೆ ಇಲ್ಲವೆಂದಳು, ಸಿರಿ ಕೈಬಿಟ್ಟಿತು. ಕಥೆ ಅಷ್ಟೆ, ಆದರೆ ಗುಡ್ಡರು ಇದನ್ನು ಹಾಡುವಾಗ ನಗು ತಡೆಯಲಾಗುವುದಿಲ್ಲ. ಸಂಕಮ್ಮನ ಸಾಲು ಹಾಗಲ್ಲ. ಸೋಲಿಗರ ನೀಲೇಗೌಡ ಕಾಡಿಗೆ ಹೊರಡುವ ಮುಂಚೆ ಹೆಂಡತಿಯ ಮೇಲೆ ಸಂಶಯಪಟ್ಟು ಬಲಗೈ ಭಾಷೆ ಕೊಡೆಂದು ಹಿಂಸೆ ಮಾಡುತ್ತಾನೆ. ಅವಳು ಕೊಡುವುದಿಲ್ಲ. ತಪ್ಪು ಮಾಡದ ಮೇಲೆ ಭಾಷೆ ಏತಕ್ಕೆ ಎನ್ನುವುದು ಅವಳ ಪಟ್ಟು. ಅವಳನ್ನು ಗುಡಿಸಲಿನೊಳಗೆ ಕೂಡಿಹಾಕಿ ಹೋಗುತ್ತಾನೆ. ಮಾದಪ್ಪನ ವರದಿಂದ ಅವಳಿಗೆ ಕಾರಯ್ಯ, ಬಿಲ್ಲಯ್ಯ ಎಂಬ ಇಬ್ಬರು ಮಕ್ಕಳಾಗುತ್ತಾರೆ. ಸೀತೆ ಬೆಂಕಿಗೆ ಇಳಿದಳು, ಸಂಕಮ್ಮ ಭಾಷೆಗೂ ಇಳಿಯಲಿಲ್ಲ. ಹಾಡುವವರು ಗಂಡಸರೇ ಆದರೂ ಈ ಸಾಲು ಬಂದಾಗ ಹೆಂಗಸರ ಕಡೆಯಿಂದ ಏಳುವ ನಿಟ್ಟುಸಿರನ್ನು ನಾವು ಅನೇಕ ಊರುಗಳಲ್ಲಿ ಕೇಳಿದ್ದೇವೆ.

ಡಾಕ್ಟರ್ ಲೋಹಿಯಾ ಅವರು ರಾಮ, ಕೃಷ್ಣ, ಶಿವರ ಬಗೆಗೆ ಬರೆದವರು, ಚಿತ್ರಕೂಟದಲ್ಲಿ ರಾಮಾಯಣ ಮೇಳ ನಡೆಸಬೇಕೆಂದು ಯೋಚಿಸಿದವರು. ದೇವರ ಕಥೆಯೆಂದರೆ ಮೂಗು ಮುರಿಯುವ ನಮ್ಮ ಕೆಲವು ಗೆಳೆಯರು ಇದನ್ನು ನೆನಪಿನಲ್ಲಿಡಬೇಕು.

ಈ ಸೀಮೆಯ ರಾಜಕೀಯ ಚರಿತ್ರೆಯನ್ನೂ ಒಂದಿಷ್ಟು ಹೇಳಬೇಕು, ಏಕೆಂದರೆ ಗುಡ್ಡರ ನಡಿಗೆ ಅದನ್ನು ದಾಟಿ ನಡೆದದ್ದು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೊಳ್ಳೇಗಾಲ ಕುಂಪಣಿಯವರ ಪಾಲಾಗಿ ಮದರಾಸಿನ ಆಡಳಿತಕ್ಕೆ, ಕೊಯಮತ್ತೂರು ಜಿಲ್ಲೆಗೆ ಸೇರಿತು. ಪಕ್ಕದ ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರಾಯಿತು. ಆಚೆಗಿನ ನಂಜನಗೂಡು, ಚಾಮರಾಜನಗರ ಮೈಸೂರು ಅರಸರದು. ಹತ್ತು ಹರಿದಾರಿಯೊಳಗೆ ಮೂರು ಒಡೆತನ. ಕಚೇರಿ ಬೇರೆ, ಕಂದಾಯ ಬೇರೆ. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾದಾಗ ಮಾತ್ರ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು, ಆಮೇಲೆ ಹನೂರು ಬೇರೆ ತಾಲ್ಲೂಕಾಯಿತು. ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಕೊಳ್ಳೇಗಾಲದ ಕನ್ನಡಿಗನ ಅರ್ಜಿ ಬೇರೆ ಭಾಷೆಯ ಜಿಲ್ಲಾ ಕಚೇರಿಯಲ್ಲಿ ಕೂತಿತ್ತು. ಆ ಕಾಲವೆಲ್ಲ ಮೂರೂ ಸೀಮೆಗಳ ಕನ್ನಡವನ್ನು ಒಂದೇ ದಾರದಲ್ಲಿ ಪೋಣಿಸಿ ಇಟ್ಟವರಲ್ಲಿ ಈ ಜೋಳಿಗೆಯವರದು ದೊಡ್ಡ ಪಾಲು. ಏಕೀಕರಣದ ಸನ್ಮಾನಗಳಲ್ಲಿ ಯಾವ ಗುಡ್ಡನಿಗೂ ಶಾಲು ಹೊದಿಸಿದ್ದು ನಾವು ಕಂಡಿಲ್ಲ.

ಈಗ ನಿಮ್ಮನ್ನು ಸ್ವಲ್ಪ ದೂರ, ಸಮುದ್ರದಾಚೆಗೆ ಕರೆದೊಯ್ಯುತ್ತೇವೆ. ಇಂಗ್ಲೆಂಡಿನ ಪಕ್ಕದಲ್ಲಿ ವೇಲ್ಸ್ ಎಂಬ ನಾಡು ಉಂಟು. ಗುಡ್ಡಗಾಡು, ಮಳೆ, ಕುರಿ, ನೆಲದೊಳಗೆ ಕಲ್ಲಿದ್ದಲು. ಅವರ ಭಾಷೆಯೂ ಇಂಗ್ಲಿಷಿನ ಕೆಳಗೆ ನಲುಗಿದ್ದು. 19ನೆಯ ಶತಮಾನದಲ್ಲಿ ಅಲ್ಲಿನ ರೊಂಡಾ ಕಣಿವೆಗೆ ಕಲ್ಲಿದ್ದಲಿನ ಆಸೆಯಿಂದ ಕಂಪನಿಗಳು ಬಂದವು, ಹೊಟ್ಟೆಯ ಪಾಡಿಗಾಗಿ ಹಳ್ಳಿಗರು ಬಂದರು. ಆ ಗಣಿ ಕೆಲಸಗಾರರು ತಮ್ಮ ಚರ್ಚುಗಳಲ್ಲಿ ಕೂಡಿ ಹಾಡುವುದನ್ನು ಕಲಿತರು. ಬರಹದ ಸಂಗೀತ ಓದಲು ಬಾರದವರಿಗಾಗಿ ಅಕ್ಷರಗಳಲ್ಲೇ ಸ್ವರ ಗುರುತಿಸುವ ಒಂದು ಪದ್ಧತಿ ಬಂದಿತ್ತು. ನಮ್ಮ ಸರಿಗಮ ಇದ್ದ ಹಾಗೆ ಎನ್ನಿ. ಅದರ ಸಹಾಯದಿಂದ ನೂರಾರು ಗಂಡಸರು ನಾಲ್ಕು ದನಿಗಳಾಗಿ ಒಡೆದು, ಕೆಲವರು ಮೇಲಿನ ಸ್ಥಾಯಿಯಲ್ಲಿ, ಕೆಲವರು ಮಂದ್ರದಲ್ಲಿ, ಒಂದೇ ಕೊರಳಿನಂತೆ ಹಾಡುವುದನ್ನು ರೂಢಿಸಿಕೊಂಡರು. ಟ್ರಿಯಾರ್ಕಿ ಎಂಬ ಊರಿನಲ್ಲಿ 1883ರಲ್ಲಿ ಹುಟ್ಟಿದ ಮೇಳ 1895ರಲ್ಲಿ ವಿಕ್ಟೋರಿಯಾ ರಾಣಿಯ ಮುಂದೆ ವಿಂಡ್ಸರ್ ಅರಮನೆಯಲ್ಲಿ ಹಾಡಿತು.

ರಾಣಿಯ ಮುಂದೆ ಹಾಡಿದ್ದು ನಮಗೆ ಅಷ್ಟು ಮುಖ್ಯವಲ್ಲ. 1924ರಲ್ಲಿ ಅದೇ ಕಣಿವೆಯ ಇನ್ನೊಂದು ಮೂಲೆಯಲ್ಲಿ ಪೆಂಡರಸ್ ಎಂಬ ಮೇಳ ಎದ್ದಿತು. ಗಣಿಗಳಲ್ಲಿ ಕೆಲಸವಿಲ್ಲದ ಕಾಲ. ಎರಡೇ ವರ್ಷದಲ್ಲಿ, 1926ರಲ್ಲಿ, ಮಾಲೀಕರು ಗಣಿಗಳಿಗೆ ಬೀಗ ಹಾಕಿ ತಿಂಗಳುಗಟ್ಟಲೆ ಕೆಲಸಗಾರರನ್ನು ಹಸಿವಿಗೆ ಕೆಡವಿದರು. ಮೇಳ ಒಡೆಯಲಿಲ್ಲ. ಗಣಿಯವರು ತಮ್ಮ ಕೂಲಿಯಿಂದ ಕಾಸು ಕಾಸು ಹಿಡಿಸಿಕೊಂಡು ಕಟ್ಟಿದ ಭವನಗಳು ಊರೂರಿನಲ್ಲೂ ಇದ್ದವು. ಅದರಲ್ಲಿ ಓದುವ ಕೋಣೆ, ಪುಸ್ತಕ ಭಂಡಾರ, ಹಾಡುವ ಜಾಗ. ಪಾಲ್ ರೋಬ್ಸನ್ ಎಂಬ ಅಮೆರಿಕದ ಕರಿಯ ಗಾಯಕನ ಹೆಸರು ನಿಮ್ಮಲ್ಲಿ ಹಿರಿಯರು ಕೇಳಿರಬಹುದು. ಅವರ ರಾಜಕೀಯ ಸಹಿಸದ ಅಮೆರಿಕದ ಸರ್ಕಾರ 1950ರಲ್ಲಿ ಅವರ ಪಾಸ್‌ಪೋರ್ಟು ಕಿತ್ತುಕೊಂಡಿತು. 1957ರಲ್ಲಿ ವೇಲ್ಸ್‌ನ ಗಣಿ ಕೆಲಸಗಾರರ ಸಂಗೀತೋತ್ಸವಕ್ಕೆ ಅವರು ಬರುವಂತಿರಲಿಲ್ಲ. ಆಗ ಸಮುದ್ರದ ತಳದ ಟೆಲಿಫೋನ್ ತಂತಿಯ ಮೇಲೆ ಅವರು ನ್ಯೂಯಾರ್ಕಿನಿಂದ ಹಾಡಿದರು, ಪೋರ್ತ್‌ಕಾಲ್ ಎಂಬ ಊರಿನ ಸಭಾಂಗಣದಲ್ಲಿ ಸಾವಿರಾರು ಜನ ಕೇಳಿದರು. ಟ್ರಿಯಾರ್ಕಿಯ ಮೇಳ ಇತ್ತ ಕಡೆಯಿಂದ ಅವರಿಗೆ ಹಾಡಿ ಉತ್ತರ ಕೊಟ್ಟಿತು. ಮರುವರ್ಷ, 1958ರಲ್ಲಿ, ಪಾಸ್‌ಪೋರ್ಟು ಹಿಂದಕ್ಕೆ ಬಂತು.

ರೊಂಡಾ ಕಣಿವೆಯ ಕೊನೆಯ ಗಣಿ 1990ರಲ್ಲಿ ಮುಚ್ಚಿತು. ಆ ಮೇಳಗಳು ಇಂದೂ ಹಾಡುತ್ತಿವೆ. ಕಲ್ಲಿದ್ದಲು ಕಾಣದವರು ಅದರಲ್ಲಿ ಹಾಡುತ್ತಾರೆ.

ಅವರಿಗೂ ನಮಗೂ ಇರುವ ಅಂತರವನ್ನು ಮರೆಮಾಚುವುದು ಬೇಡ. ಅವರದು ನೂರು ದನಿಗಳ ಮೇಳ, ನಮ್ಮದು ಮೂರು ನಾಲ್ಕು ಜನರದು. ಅವರು ಬಹುಮಾನಕ್ಕಾಗಿ ಸ್ಪರ್ಧೆಗಿಳಿದರು, ನಮ್ಮವರು ಹರಕೆಗೆ ಕಟ್ಟುಬಿದ್ದು ಹಾಡಿದರು. ಅವರ ಕೈಯಲ್ಲಿ ಕಾಗದವಿತ್ತು, ನಮ್ಮವರಿಗೆ ನೆನಪೇ ಕಾಗದ. ನೆನಪಿನ ಶಕ್ತಿಯಲ್ಲಿ ನಮ್ಮ ಒಬ್ಬ ಗುಡ್ಡನಿಗೆ ಅವರ ಹತ್ತು ಜನ ಸಮನಾಗಲಾರರೆಂದು ನಾವು ಧೈರ್ಯವಾಗಿ ಹೇಳುತ್ತೇವೆ. ಆದರೆ ಒಂದರಲ್ಲಿ ಅವರು ನಮಗಿಂತ ಮುಂದೆ ಹೋದರು. ಹಾಡುವವರಿಗೆ ಒಂದು ಸೂರು, ಒಂದು ಚಂದಾ ಪುಸ್ತಕ, ವಾರಕ್ಕೆ ಗೊತ್ತಾದ ಸಂಜೆ, ತಾವೇ ಆರಿಸಿದ ಸಮಿತಿ. ನಮ್ಮ ಗುಡ್ಡ ಒಂಟಿಯಾಗಿ ಉಳಿದ. ದೇವರಿಗೆ ಒಕ್ಕಲು, ಮಠಕ್ಕೆ ಶಿಷ್ಯ, ಊರಿಗೆ ಭಿಕ್ಷುಕ. ಅವನ ಪರವಾಗಿ ಮಾತಾಡುವ ಕೂಟವಿಲ್ಲ.

ನಮ್ಮ ನೆರೆಯಲ್ಲೇ ಇನ್ನೊಂದು ಹಾಡಿನ ಪರಂಪರೆ ಇರುವುದನ್ನು ಮರೆಯಬಾರದು: ಮಂಟೇಸ್ವಾಮಿಯ ನೀಲಗಾರರದು. ಹಲಗೂರಿನ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆಗೆ ಹೋಗಿ ಸಿದ್ದಪ್ಪಾಜಿ ಪಟ್ಟ ಪಾಡನ್ನು ಅವರು ತಂಬೂರಿ ಹಿಡಿದು ಹಾಡುತ್ತಾರೆ. ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯಲ್ಲಿ ನಾನಾ ಜಾತಿಯವರು ಒಟ್ಟಿಗೆ ಕೂತು ಉಣ್ಣುತ್ತಾರೆ. ಸಹಭೋಜನವೆಂದು ನಾವು ಭಿತ್ತಿಪತ್ರ ಅಚ್ಚುಹಾಕಿಸಿ ಮಾಡುವುದನ್ನು ಅವರು ಭಿತ್ತಿಪತ್ರವಿಲ್ಲದೆ ಮಾಡಿಕೊಂಡು ಬಂದಿದ್ದಾರೆ. ಅದರ ಮೇಲೂ ಈಚೆಗೆ ಕಟ್ಟುಪಾಡುಗಳು ಬೀಳುತ್ತಿವೆ. ಅದು ಇನ್ನೊಂದು ಭಾಷಣದ ವಿಷಯ.

ಗುಡ್ಡರ ಹಾಡು ಕಾಗದಕ್ಕೆ ಬಂದದ್ದು ತೀರ ಈಚೆಗೆ. 1973ರಲ್ಲಿ ಪಿ. ಕೆ. ರಾಜಶೇಖರ ಅವರು ಮಾದೇಶ್ವರನ ಕಾವ್ಯವನ್ನು ಸಂಗ್ರಹಿಸಿ ಪ್ರಕಟಿಸಿದರು. ಹೆಬ್ಬಣಿ ಮಾದಯ್ಯ ಮತ್ತು ಅವರ ಮೇಳ ಹಾಡಿದ್ದನ್ನು ಕೇಶವನ್ ಪ್ರಸಾದ್ ಅವರು ಬರೆದುಕೊಂಡು ಸಂಪಾದಿಸಿದ ಗ್ರಂಥವನ್ನು 1997ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಚ್ಚುಮಾಡಿತು. 2001ರಲ್ಲಿ ಸಾಹಿತ್ಯ ಅಕಾದೆಮಿಯಿಂದ ಅದು ಇಂಗ್ಲಿಷಿಗೂ ಹೋಯಿತು. ಈ ವಿದ್ವಾಂಸರಿಗೆ ನಾಡು ಋಣಿ. ಹಾಡಿದವರ ಹೆಸರು ಪುಸ್ತಕದಲ್ಲಿ ಉಳಿಯಿತಲ್ಲ, ಅದು ಸಣ್ಣ ಮಾತಲ್ಲ. ಎಷ್ಟೋ ಹಾಡುಗಾರರು ಹೆಸರಿಲ್ಲದೆ ಮಣ್ಣಾಗಿದ್ದಾರೆ. ಇನ್ನೊಂದು ಕಡೆ ಕ್ಯಾಸೆಟ್ಟು ಬಂತು. ಮಳವಳ್ಳಿ ಮಹದೇವಸ್ವಾಮಿಯವರ ದನಿ ಟೀ ಅಂಗಡಿಗಳಲ್ಲಿ, ಬಸ್ಸುಗಳಲ್ಲಿ ತುಂಬಿಕೊಂಡಿತು. 1996ರ ‘ಜನುಮದ ಜೋಡಿ’ ಚಿತ್ರದಲ್ಲಿ ಕಂಸಾಳೆ ಬೆಳ್ಳಿತೆರೆಗೂ ಏರಿತು. ಈಗ ಯಾವ ಸರ್ಕಾರಿ ಸಮಾರಂಭವೇ ಆಗಲಿ, ದಸರಾ ಮೆರವಣಿಗೆಯೇ ಆಗಲಿ, ಬೀಸು ಕಂಸಾಳೆ ಇಲ್ಲದೆ ಮುಗಿಯುವುದಿಲ್ಲ. ಮಂತ್ರಿಗಳ ಕಾರು ನಿಲ್ಲುವ ತನಕ ಹದಿನೈದು ನಿಮಿಷ ಕುಣಿತ. ಕಥೆ ಇಲ್ಲ, ಸಾಲು ಇಲ್ಲ. ಶ್ರವಣ ದೊರೆ ಸುಡುವಷ್ಟು ಹೊತ್ತು ಯಾರಿಗೂ ಇಲ್ಲ.

ನಡುವೆ ಒಂದು ಕರಾಳ ಕಾಲವೂ ಇತ್ತು. ವೀರಪ್ಪನ್ ಹಾವಳಿಯ ವರ್ಷಗಳಲ್ಲಿ, 2004ರಲ್ಲಿ ಅವನು ಸಾಯುವವರೆಗೂ, ಈ ಕಾಡಿನ ಹಳ್ಳಿಗರು ಅವನ ಬಂದೂಕಿಗೂ ಕಾರ್ಯಪಡೆಯ ಲಾಠಿಗೂ ನಡುವೆ ಸಿಕ್ಕಿ ನರಳಿದರು. ರಾತ್ರಿ ಹೊತ್ತು ಹಾಡಿಗಳಿಗೆ ಹೋಗಿ ಕಥೆ ಮಾಡುವ ಧೈರ್ಯ ಆಗ ಯಾರಿಗಿತ್ತು?

ಈಗ ಬೆಟ್ಟದ ಕಡೆ ನೋಡಿ. ಕ್ಷೇತ್ರಕ್ಕೆಂದೇ ಅಭಿವೃದ್ಧಿ ಪ್ರಾಧಿಕಾರ ಬಂದಿದೆ. ಹುಂಡಿ ಎಣಿಸಿದಾಗ ಕೋಟಿ ದಾಟಿತೆಂಬ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಚಿನ್ನದ ತೇರು ಉಂಟು. 2023ರ ಮಾರ್ಚಿಯಲ್ಲಿ 108 ಅಡಿ ಎತ್ತರದ ಮಾದೇಶ್ವರನ ಮೂರ್ತಿ ಅನಾವರಣವಾಯಿತು. 2025ರ ಏಪ್ರಿಲ್‌ನಲ್ಲಿ ರಾಜ್ಯದ ಮಂತ್ರಿಮಂಡಲವೇ ಬೆಟ್ಟದ ಮೇಲೆ ಸಭೆ ಸೇರಿತು. ಬಡವರು ಬಸ್ಸಿನ ಚಾರ್ಜು ಉಳಿಸಿ ಹಾಕಿದ ಕಾಸು ಅದು; ದೇವಸ್ಥಾನ ಬೆಳೆದರೆ ನಮಗೆ ಸಂತೋಷವೇ. ಅನ್ನದಾಸೋಹ ನಡೆಯುತ್ತಿದೆ, ಬಂದವರು ಉಣ್ಣುತ್ತಾರೆ, ಅದನ್ನೂ ಮೆಚ್ಚೋಣ. ನಾವು ಕೇಳುವುದು ಇಷ್ಟೆ. ಈ ದೇವರ ಹೆಸರನ್ನು ಐದು ಸೀಮೆಗಳಲ್ಲಿ ಮನೆ ಮನೆಗೆ ಮುಟ್ಟಿಸಿದವರು ಯಾರು? ಆಗ ರಸ್ತೆ ಇರಲಿಲ್ಲ, ಬಸ್ಸಿರಲಿಲ್ಲ. ಹೆಜ್ಜೆ ನೋವಾದರೂ ನಿಲ್ಲದೆ ನಡೆದ ಗುಡ್ಡನ ಕಾಲಿನ ಮೇಲೆ ಈ ಕ್ಷೇತ್ರ ನಿಂತಿದೆ. ಪರಿಷೆಯ ರಾತ್ರಿ ಅವನು ಮಲಗುವುದು ಎಲ್ಲಿ? ಪ್ರಾಂಗಣದ ಮೂಲೆಯಲ್ಲಿ, ಅಂಗಡಿಗಳ ಸಂದಿಯಲ್ಲಿ, ಬಯಲಿನಲ್ಲಿ.

ಹೋದ ಪರಿಷೆಯಲ್ಲಿ ಹಿರಿಯ ಗುಡ್ಡರೊಬ್ಬರನ್ನು ಮಾತಾಡಿಸಿದೆವು. ಎಪ್ಪತ್ತು ದಾಟಿದವರು. ಮಗನಿಗೆ ಏಕೆ ಕಲಿಸಲಿಲ್ಲ ಅಣ್ಣ ಎಂದು ಕೇಳಿದರೆ ಅವರೆಂದರು: “ಅಂವ ಗ್ರಾನೈಟ್ ಕ್ವಾರಿಗ ಹೋಯ್ತಾನ ಮೇಷ್ಟ್ರೆ. ಜೋಳ್ಗ ಹಿಡ್ದು ನಿಂತ್ರ ಅವ್ನ ಮಕ್ಕಳಿಗ ಇಸ್ಕೂಲಲ್ಲಿ ಭಿಕ್ಸುಕ್ರ ಮಕ್ಕ ಅಂತಾರ. ಹಾಡಕ ಕರೀತಾರ, ಪಂಕ್ತೀಲಿ ಉಣ್ಣಕ ಕರಿಯಲ್ಲ. ನಮ್ಮ ಕಾಲ್ಕ ಆಯ್ತು ಬುಡಿ.”

ಅವರ ಮಾತಿಗೆ ಎದುರಾಡುವ ಯೋಗ್ಯತೆ ನಮಗಿಲ್ಲ. ಮಗ ಮಾಡಿದ್ದು ಸರಿ. ಹರಕೆಯ ಹೆಸರಿನಲ್ಲಿ ಹುಟ್ಟುವ ಮೊದಲೇ ಮಗುವಿನ ಕಸುಬನ್ನು ಗೊತ್ತುಮಾಡುವುದನ್ನು ನಾವು ಬೆಂಬಲಿಸುವವರಲ್ಲ. ಭಿಕ್ಷೆ ಬೇಡುವುದೇ ಪರಂಪರೆ, ಅದನ್ನು ಉಳಿಸಬೇಕು ಎಂದು ಪಟ್ಟಣದಲ್ಲಿ ಕುರ್ಚಿಯ ಮೇಲೆ ಕೂತು ಹೇಳುವವರು ತಮ್ಮ ಮಕ್ಕಳ ಹೆಗಲಿಗೆ ಮೊದಲು ಜೋಳಿಗೆ ಹಾಕಲಿ. ಜೋಳಿಗೆ ಹೋಗಲಿ. ಕಾವ್ಯವೂ ಅದರ ಜೊತೆಗೆ ಹೋಗಬೇಕೆ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ. ಎಪ್ಪತ್ತು ದಾಟಿದ ಆ ಮನುಷ್ಯನ ತಲೆಯಲ್ಲಿ ಎಷ್ಟು ಸಾಲುಗಳಿವೆಯೋ ಅಷ್ಟೂ ಅವರೊಡನೆ ಹೋಗುತ್ತವೆ. ಪುಸ್ತಕದಲ್ಲಿ ಉಂಟಲ್ಲ ಎನ್ನಬಹುದು. ಪುಸ್ತಕದಲ್ಲಿರುವುದು ಒಂದು ಮೇಳ ಒಂದು ಸಲ ಹಾಡಿದ್ದು. ಪ್ರತಿ ಮೇಳವೂ ತನ್ನ ಊರಿನ ಹಳ್ಳ, ತನ್ನ ಊರಿನ ಜಿಪುಣ, ತನ್ನ ಊರಿನ ಬೈಗುಳ ಸೇರಿಸಿ ಹಾಡುವ ಕಥೆ ಇದು.

ನಾವು ಕೇಳಬೇಕಾದವು ಕೆಲವು ಉಂಟು. ಬೆಟ್ಟದ ವರಮಾನದಲ್ಲಿ ಗುಡ್ಡರಿಗೆ ಪಾಲಿರಬೇಕು; ದಾನವಾಗಿ ಅಲ್ಲ, ಕೆಲಸದ ಸಂಬಳವಾಗಿ. ಪರಿಷೆಯ ರಾತ್ರಿಗಳಲ್ಲಿ ಹಾಡುವ ಮೇಳಗಳಿಗೆ ಗೌರವಧನ ಕೊಟ್ಟು ಪೂರ್ಣ ಸಾಲನ್ನು ಹಾಡಿಸಬೇಕು, ಅವರು ತಂಗಲು ಒಂದು ಸೂರು ಬೇಕು. ಬೆಟ್ಟದ ಮೇಲೆಯೇ ಕಂಸಾಳೆ ಕಲಿಸುವ ಒಂದು ಶಾಲೆ ಆಗಬೇಕು, ಅಲ್ಲಿ ಕಲಿಸುವವರು ಗುಡ್ಡರೇ ಆಗಬೇಕು, ಪದವಿ ಪತ್ರ ಕೇಳಬಾರದು. ವಯಸ್ಸಾದ ಕಲಾವಿದರಿಗೆ ಸರ್ಕಾರದ ಮಾಸಾಶನ ಉಂಟು. ಆದರೆ ಅರ್ಜಿ, ಪ್ರಮಾಣಪತ್ರ, ಭಾವಚಿತ್ರ, ಮೇಲೊಂದು ಕಾರ್ಯಕ್ರಮ ಕೊಟ್ಟದ್ದಕ್ಕೆ ಸಾಕ್ಷಿ. ನಲವತ್ತು ವರ್ಷ ಜಗಲಿಗಳ ಮುಂದೆ ಹಾಡಿದವನು ಯಾವ ಸಾಕ್ಷಿ ತರುತ್ತಾನೆ? ಆ ಅರ್ಜಿಗಳನ್ನು ತುಂಬಿಕೊಡುವುದಾದರೂ ನಮ್ಮಿಂದ ಆಗಬೇಕಾದ ಕೆಲಸ. ಅಕ್ಷರ ಬಲ್ಲ ನಮ್ಮ ಅಂಗಡಿಬೀದಿಯ ಮಿತ್ರರು ತಿಂಗಳಿಗೊಂದು ಭಾನುವಾರ ಬಿಡುವು ಮಾಡಿಕೊಂಡರೆ ಸಾಕು.

ಸರ್ಕಾರ, ಪ್ರಾಧಿಕಾರಗಳನ್ನು ಕೇಳಿ ಸುಮ್ಮನೆ ಕೂರಲು ಆಗುವುದಿಲ್ಲ. ವೇಲ್ಸ್‌ನವರು ರಾಣಿಯನ್ನು ಕೇಳಿ ಮೇಳ ಕಟ್ಟಲಿಲ್ಲ. ನಮ್ಮ ಸಂಘದ ಕೋಣೆ ಸಂಜೆ ಏಳರ ಮೇಲೆ ಖಾಲಿ ಬಿದ್ದಿರುತ್ತದೆ; ಇಸ್ಪೀಟಿನವರನ್ನು ಬಿಟ್ಟರೆ. ಅಲ್ಲಿ ಒಂದು ಮೇಳ ಕಟ್ಟೋಣ ಎಂಬುದು ನಮ್ಮ ಸೂಚನೆ. ದೀಕ್ಷೆ ಬೇಡ, ಜೋಳಿಗೆ ಬೇಡ. ದೇವರಲ್ಲಿ ಭಕ್ತಿ ಇರುವವನು ಭಕ್ತಿಯಿಂದ ಹಾಡಲಿ, ಇಲ್ಲದವನು ಕಥೆಯ ಮೇಲಿನ ಪ್ರೀತಿಯಿಂದ ಹಾಡಲಿ. ದೀಕ್ಷೆಯಿಲ್ಲದವರು ಹಾಡುವುದು ತಪ್ಪಲ್ಲವೆ ಎಂದು ಕೆಲವು ಹಿರಿಯರು ಆಕ್ಷೇಪಿಸಬಹುದು. ಅವರನ್ನು ಧಿಕ್ಕರಿಸಿ ಹೋಗುವುದು ಬೇಡ, ಕೂತು ಮಾತಾಡೋಣ. ಕಲಿಸಲು ಒಪ್ಪಿದ ಗುಡ್ಡರೇ ಇದಕ್ಕೆ ಉತ್ತರ ಹೇಳುತ್ತೇವೆಂದಿದ್ದಾರೆ.

ಹೆಂಗಸರ ಮಾತೂ ಉಂಟು. ಇದು ಗಂಡಸರ ಮೇಳವಾಗಿಯೇ ಬಂದದ್ದು ನಿಜ. ಆದರೆ ಮಾದಪ್ಪನ ಮೇಲಿನ ಬೀಸುವ ಹಾಡು, ಕುಟ್ಟುವ ಹಾಡು ಹೆಂಗಸರವೇ. ಇತ್ತೀಚೆಗೆ ಕಾಲೇಜುಗಳ ಹುಡುಗಿಯರು ಬೀಸು ಕಂಸಾಳೆ ಹಿಡಿದು ಕುಣಿಯುತ್ತಿರುವುದನ್ನು ನೀವೂ ನೋಡಿರಬಹುದು, ಹುಡುಗರಿಗೇನೂ ಕಡಿಮೆಯಿಲ್ಲ. ನೂಲಿನ ವಿಭಾಗದ ಅಕ್ಕ ತಂಗಿಯರು ಬರುವುದಾದರೆ ಪಾಳಿ ನೋಡಿಕೊಂಡು ಅವರಿಗೆ ಅನುಕೂಲವಾದ ಹೊತ್ತನ್ನೇ ಇಟ್ಟುಕೊಳ್ಳಬೇಕು. ಸಂಕಮ್ಮನ ಸಾಲನ್ನು ಹೆಣ್ಣುದನಿಯಲ್ಲಿ ಕೇಳುವ ಆಸೆ ನಮಗುಂಟು.

ಖರ್ಚಿನ ಲೆಕ್ಕ ಹೀಗಿದೆ. ಮೊದಲಿಗೆ ಎಂಟು ಜೊತೆ ಕಂಸಾಳೆ, ಎರಡು ದಮ್ಮಡಿ ಬೇಕು. ಪಾತ್ರೆ ಅಂಗಡಿಯ ಮಿತ್ರರು ಕಂಚಿನ ಅಸಲು ಬೆಲೆಗೆ ಮಾಡಿಸಿಕೊಡಲು ಒಪ್ಪಿದ್ದಾರೆ, ಅವರಿಗೆ ವಂದನೆ. ಕಲಿಸಲು ಬರುವ ಇಬ್ಬರು ಗುಡ್ಡರಿಗೆ ಹನೂರಿನಿಂದ ಬಸ್ಸಿನ ಚಾರ್ಜು ಮತ್ತು ದಿನದ ಕೂಲಿ ಕೊಡಬೇಕು. ಆ ಕೂಲಿ ನಮ್ಮ ಗಿರಣಿಯ ಒಂದು ಪಾಳಿಯ ಕೂಲಿಗೆ ಒಂದು ರೂಪಾಯಿಯೂ ಕಡಿಮೆ ಇರಬಾರದೆಂದು ಸಮಿತಿ ತೀರ್ಮಾನಿಸಿದೆ. ಚಂದಾ ಕೊಡುವವರು, ಕಲಿಯುವವರು ಹೊರಗೆ ಬಾಗಿಲ ಬಳಿ ಇಟ್ಟಿರುವ ಪುಸ್ತಕದಲ್ಲಿ ಹೆಸರು, ಊರು, ಪಾಳಿ ಬರೆಸಿ ಹೋಗಿ. ಪಾಠ ಬುಧವಾರ ಮತ್ತು ಶನಿವಾರ ಸಂಜೆ ಏಳೂವರೆಗೆ. ಮೊದಲು ಕಲಿಯುವುದು ಶ್ರವಣನ ಸಾಲು. ಇಸ್ಪೀಟಿನವರು ಆ ಎರಡು ದಿನ ಜಗಲಿಯಲ್ಲಿ ಆಡಿಕೊಳ್ಳಬೇಕಾಗಿ ವಿನಂತಿ.